ಇಡೀ ಟರ್ಕಿ ಕೋಳಿ: ಎದೆ ಒಣಗುತ್ತೆ, ತೊಡೆ ಬೇಯಲ್ಲ, ಉಪ್ಪು ಜಾಸ್ತಿ. ಎಲ್ಲಿ ತಪ್ತಿದೆ?

ಎಳ್ಳುಚಿಗಳಿ:
ನಮಸ್ಕಾರ. ಅಮೆರಿಕದಲ್ಲಿದ್ದೇವೆ, ಇಲ್ಲಿನ ಹಬ್ಬ ಥ್ಯಾಂಕ್ಸ್‌ಗಿವಿಂಗ್‌ಗೆ ಇಡೀ ಟರ್ಕಿ ಆಗಬೇಕು. ಮೊದಲೇ ಒಮ್ಮೆ ಮಾಡಿ ನೋಡಿದ ಲೆಕ್ಕ ಹೀಗಿದೆ: 12 ಪೌಂಡ್ ಫ್ರೋಜನ್ ಹಕ್ಕಿ, ಫ್ರಿಜ್‌ನಲ್ಲಿ 2 ದಿನ. ಹಿಂದಿನ ರಾತ್ರಿ ಮೊಸರು, ಶುಂಠಿ-ಬೆಳ್ಳುಳ್ಳಿ, ಅಚ್ಚಖಾರದ ಪುಡಿ, ಅರಿಶಿನ, ಉಪ್ಪು ಹಚ್ಚಿದ್ದು. ಆಳದ ಟ್ರೇಯಲ್ಲಿ 325 ಡಿಗ್ರಿಗೆ ಓವನ್. ಎದೆಯಲ್ಲಿ ಮೊದಲೇ ಚುಚ್ಚಿರೋ, ಬೆಂದಿದೆ ಅಂತ ತೋರಿಸೋ ಪ್ಲಾಸ್ಟಿಕ್ ಕಡ್ಡಿ ಮೇಲೆದ್ದಾಗ ಹೊರಗೆ ತೆಗೆದದ್ದು. ಎದೆ ಮಾಂಸ ನಾರುನಾರು, ತೊಡೆಯ ಬುಡ ಹಸಿ, ಚರ್ಮ ಅಲ್ಲಲ್ಲಿ ಕಪ್ಪು, ಉಳಿದ ಕಡೆ ಜಿಗುಟು. ಮೇಲಿಂದ ಉಪ್ಪು ಅತಿ. ಊಟಕ್ಕೆ ಬಿ.ಪಿ. ಇರೋ ಹಿರಿಯರೂ ಇರ್ತಾರೆ.

ಕಾವಲಿ:
ಮೂರು ಬೇರೆ ಬೇರೆ ತೊಂದರೆ ಒಂದೇ ತಟ್ಟೆಗೆ ಬಂದಿವೆ. (ಡಿಗ್ರಿ ಎಲ್ಲ ಫ್ಯಾರನ್‌ಹೀಟ್‌ನಲ್ಲೇ ಬರೀತೀನಿ, ನಿಮ್ಮ ಓವನ್ ಅದರಲ್ಲೇ ಇರುತ್ತೆ.)

ಮೊದಲನೆಯದು ಐಸ್. ಫ್ರಿಜ್‌ನಲ್ಲಿ ಪ್ರತಿ 4–5 ಪೌಂಡಿಗೆ ಒಂದು ದಿನ ಬೇಕು, ಅಂದರೆ 12 ಪೌಂಡಿಗೆ ಪೂರ್ತಿ 3 ದಿನ. ಹೊರಗಡೆ ಮೆತ್ತಗಾಗಿದ್ದರೂ ಬೆನ್ನುಮೂಳೆ ಪಕ್ಕ, ತೊಡೆಯ ಕೀಲಿನಲ್ಲಿ ಗಟ್ಟಿ ಉಳಿದಿರುತ್ತೆ. ಹೊಟ್ಟೆಯೊಳಗೆ ಕೈ ಹಾಕಿ ನೋಡಿ, ಐಸ್ ಸಿಕ್ಕಿದರೆ ಓವನ್‌ಗೆ ಇಡಬೇಡಿ. ಕತ್ತು, ಈಲಿ ಇರೋ ಪೊಟ್ಟಣವೂ ಅಲ್ಲೇ ಇರುತ್ತೆ, ತೆಗೆಯೋದು ಮರೀಬೇಡಿ. ಟೈಮ್ ಇಲ್ಲ ಅಂದರೆ ಕವರ್ ಸಮೇತ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸ್ತಾ, ಪೌಂಡಿಗೆ 30 ನಿಮಿಷದ ಲೆಕ್ಕದಲ್ಲಿ 6 ಗಂಟೆ. ಹಾಗೆ ಕರಗಿಸಿದ್ದನ್ನು ತಕ್ಷಣ ಬೇಯಿಸಬೇಕು.

ಎರಡನೆಯದು ಹಕ್ಕಿಯ ಆಕಾರ. ಎದೆಗೆ 165 ಸಾಕು, ದಾಟಿದಷ್ಟೂ ರಸ ಹಿಂಡಿಹೋಗುತ್ತೆ. ತೊಡೆಯೂ 165ಕ್ಕೆ ತಿನ್ನೋಕೆ ಸುರಕ್ಷಿತವೇ, ಆದರೆ ಅದರಲ್ಲಿ ಅಂಟು-ನರ ಜಾಸ್ತಿ, 175–180 ಆಗದೆ ಮೆತ್ತಗಾಗಲ್ಲ. ಇಡಿಯಾಗಿ ಕೂರಿಸಿದಾಗ ಆಗೋದು ಉಲ್ಟಾ: ಕಡಿಮೆ ಶಾಖ ಬೇಕಾದ ಎದೆ ಮೇಲೆ, ಜಾಸ್ತಿ ಬೇಕಾದ ತೊಡೆ ಟ್ರೇಯ ಗೋಡೆಯ ಮರೆಯಲ್ಲಿ.

ಆ ಪ್ಲಾಸ್ಟಿಕ್ ಕಡ್ಡಿಯನ್ನು ನಂಬಲೇಬೇಡಿ. ಅದು ಏಳೋ ಹೊತ್ತಿಗೆ ಎದೆ ಒಣಗಿರೋದೇ ಹೆಚ್ಚು, ತೊಡೆಯ ಸುದ್ದಿಯಂತೂ ಅದಕ್ಕೆ ಗೊತ್ತಿಲ್ಲ. ಡಿಜಿಟಲ್ ಥರ್ಮಾಮೀಟರ್ ಒಂದು ತಗೊಳ್ಳಿ.

ಸೈಂಧವ:
ಉಪ್ಪಿನ ಕಾರಣ ಲೇಬಲ್‌ನಲ್ಲಿರುತ್ತೆ. ಫ್ರೋಜನ್ ಟರ್ಕಿಗಳಲ್ಲಿ ಬಹಳಷ್ಟಕ್ಕೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರ್ತಾರೆ. ಸಣ್ಣ ಅಕ್ಷರದಲ್ಲಿ 'ಇಷ್ಟು ಶೇಕಡಾ ದ್ರಾವಣ ಸೇರಿದೆ' ಅಂತ ಇದ್ದರೆ ನೀವು ಹಾಕಿದ ಉಪ್ಪು ಎರಡನೇ ಸಲದ್ದು. ಕೋಷರ್ (ಯಹೂದಿ ಆಹಾರ ನಿಯಮದ್ದು) ಅಂತ ಬರೆದಿರೋದಕ್ಕೂ ಉಪ್ಪು ಹಚ್ಚಿಯೇ ಇರ್ತಾರೆ. ಬಿ.ಪಿ. ಇರೋ ಮನೆಗೆ ದ್ರಾವಣ ಇಲ್ಲದ್ದನ್ನೇ ಹುಡುಕಿ, ಉಪ್ಪಿನ ಲಗಾಮು ನಿಮ್ಮ ಕೈಲಿರುತ್ತೆ.

ಅಂಥ 12 ಪೌಂಡ್ (ಸುಮಾರು 5.4 ಕೆ.ಜಿ.) ಹಕ್ಕಿಗೆ 35 ಗ್ರಾಂ ಉಪ್ಪು ಸರಿಯಾಗುತ್ತೆ, ಕಮ್ಮಿ ಬೇಕೆಂದರೆ 25. ತೂಕ ಮಾಡಿಯೇ ಹಾಕಿ. ನಮ್ಮ ಪುಡಿ ಉಪ್ಪು ಒಂದು ಟೀ ಚಮಚಕ್ಕೆ 6 ಗ್ರಾಂ ತೂಗಿದರೆ ಹರಳಿನ ಕೋಷರ್ ಉಪ್ಪು ಬ್ರ್ಯಾಂಡ್ ನೋಡಿ 3ರಿಂದ 5 ಗ್ರಾಂ. ಯೂಟ್ಯೂಬ್ ರೆಸಿಪಿಯ ಚಮಚದ ಲೆಕ್ಕ ಕೆಡೋದು ಇಲ್ಲೇ. ಒಣ ಉಪ್ಪನ್ನೇ ಸವರಿ, ಏನೂ ಮುಚ್ಚದೆ, ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ 24–48 ಗಂಟೆ ಇಡಿ. ಉಪ್ಪು ಒಳಗಿಳಿಯುತ್ತೆ, ಚರ್ಮ ಒಣಗುತ್ತೆ. ಉಪ್ಪುನೀರಿನ ಬಕೆಟ್ಟಿನ ಸಹವಾಸ ಬೇಡ, ಚರ್ಮ ನೆನೆದು ಕೂರುತ್ತೆ. ಸಿಂಕ್‌ನಲ್ಲಿ ತೊಳೆಯೋದೂ ಬೇಡ, ಸಿಡಿದ ನೀರಿನ ಜೊತೆ ಬ್ಯಾಕ್ಟೀರಿಯಾ ಅಡುಗೆ ಕಟ್ಟೆ ತುಂಬ ಹರಡುತ್ತೆ.

ಚರ್ಮ ತೆಗೆದ ಎದೆ ಮಾಂಸ ಬೆಂದ ಮೇಲೆ 100 ಗ್ರಾಂಗೆ ಸುಮಾರು 30 ಗ್ರಾಂ ಪ್ರೋಟೀನ್, 2 ಗ್ರಾಂ ಕೊಬ್ಬು. ತೊಡೆ-ಕಾಲಿನ ಮಾಂಸದಲ್ಲಿ ಕೊಬ್ಬು 6 ಗ್ರಾಂ ಹತ್ತಿರ, ಅದೂ ಹೆದರೋ ಅಷ್ಟೇನಲ್ಲ. ಕಾಯಿಲೆಯವರಿಗೆ ತೊಂದರೆ ಕೊಡೋದು ಚರ್ಮ ಮತ್ತು ಗ್ರೇವಿ.

ಕಾಳುಮೆಣಸು:
ಮಸಾಲೆ ವಿಷಯ ನನಗಿರಲಿ. ಮೊಸರಲ್ಲಿ ನೀರಿದೆ, ಅದು ಆರೋ ತನಕ ಚರ್ಮ ಗರಿಯಾಗಲ್ಲ. ಆರಿದ ಮೇಲೆ ಮೊಸರಿನ ಗಸಿ, ಖಾರದ ಪುಡಿ, ಬೆಳ್ಳುಳ್ಳಿ ಮೊದಲು ಸೀಯುತ್ತವೆ. ನಿಮಗೆ ಕಪ್ಪು-ಜಿಗುಟು ಎರಡೂ ಒಟ್ಟಿಗೆ ಬಂದದ್ದು ಇದರಿಂದ. ಮೊಸರಿನ ಮಸಾಲೆಯನ್ನು ಚರ್ಮ ಸುಲಿದ ತುಂಡುಗಳಿಗೆ ಇಟ್ಟುಕೊಳ್ಳಿ.

ಇಡೀ ಹಕ್ಕಿಗೆ ಮಸಾಲೆ ಚರ್ಮದ ಕೆಳಗೆ ಹೋಗಬೇಕು. ಕತ್ತಿನ ಕಡೆಯಿಂದ ಬೆರಳು ತೂರಿಸಿ ಮೆಲ್ಲಗೆ ಬಿಡಿಸಿಕೊಂಡು, 2 ದೊಡ್ಡ ಚಮಚ ಎಣ್ಣೆಗೆ ಒಂದು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ, ಒಂದೂವರೆ ಟೀ ಚಮಚ ಕುಟ್ಟಿದ ಮೆಣಸು, ಒಂದು ಟೀ ಚಮಚ ಧನಿಯಾ ಪುಡಿ, ನಿಂಬೆ ಸಿಪ್ಪೆಯ ತುರಿ ಕಲಸಿ ಸವರಿ. ಮೇಲೆ ಬರೀ ಎಣ್ಣೆ. ಅರಿಶಿನ ಬಿಡಿ ಅಂತ ನನ್ನ ಸಲಹೆ: ಒಸರೋ ರಸವೆಲ್ಲ ಹಳದಿಯಾಗುತ್ತೆ.

ಕಾವಲಿ:
ಆಕಾರದ ತೊಂದರೆಗೆ ಮದ್ದು, ಬೆನ್ನುಮೂಳೆ ತೆಗೆದು ಹಕ್ಕಿಯನ್ನು ಚಪ್ಪಟೆ ಮಾಡೋದು. ಉಪ್ಪು ಸವರೋ ಮುಂಚೆಯೇ ಮಾಡಿಬಿಡಿ. ಎದೆ ಕೆಳಗೆ ಮಾಡಿ ಮಲಗಿಸಿ, ಬಾಲದ ಕಡೆಯಿಂದ ಬೆನ್ನುಮೂಳೆಯ ಎರಡೂ ಬದಿ ಗಟ್ಟಿ ಅಡುಗೆ ಕತ್ತರಿಯಲ್ಲಿ ಕತ್ತರಿಸಿ. ಸೊಂಟದ ಹತ್ತಿರ ಮೂಳೆ ದಪ್ಪ, ಕತ್ತರಿ ಸ್ವಲ್ಪ ಹೊರಗೆ ಸರಿಸಿದರೆ ಸಲೀಸು. ಮಗುಚಿ, ಎರಡೂ ಅಂಗೈ ಎದೆಯ ನಡುವೆ ಊರಿ ಒತ್ತಿ, ಲಟಕ್ ಅಂತ ಸದ್ದು ಬಂದರೆ ಆಯ್ತು. ಈಗ ತೊಡೆಗಳು ಹೊರಗೆ ತೆರೆದುಕೊಂಡು ಎದೆಯ ಮಟ್ಟಕ್ಕೇ ಬರ್ತವೆ. ಬೆನ್ನುಮೂಳೆ ಎಸೀಬೇಡಿ, ಸಾರಿಗೆ ಬೇಕು.

ಅಂಚು ಗಿಡ್ಡ ಇರೋ ದೊಡ್ಡ ಟ್ರೇಯಲ್ಲಿ ಈರುಳ್ಳಿ, ಕ್ಯಾರೆಟ್ ದಪ್ಪಗೆ ಹಾಸಿ, ಒಂದು ಲೋಟ ನೀರು ಹಾಕಿ. ನೀರಿಲ್ಲದಿದ್ದರೆ ತೊಟ್ಟಿಕ್ಕೋ ಕೊಬ್ಬು ಹೊಗೆಯಾಡಿ ಅಪಾರ್ಟ್‌ಮೆಂಟ್‌ನ ಅಲಾರಂ ಕೂಗಿಕೊಳ್ಳುತ್ತೆ. 425ಕ್ಕೆ 12 ಪೌಂಡಿಗೆ ಸುಮಾರು 80–90 ನಿಮಿಷ, ಫ್ಯಾನ್ ಇರೋ ಓವನ್ ಆದರೆ 400. ಒಂದು ಗಂಟೆಯಿಂದಲೇ ಅಳೆಯೋಕೆ ಶುರು ಮಾಡಿ. ಎದೆಯಲ್ಲಿ ಕತ್ತಿನ ಕಡೆಯಿಂದ ಅಡ್ಡಡ್ಡವಾಗಿ, ಅತಿ ದಪ್ಪ ಜಾಗಕ್ಕೆ, ಮೂಳೆ ತಾಗದ ಹಾಗೆ ಚುಚ್ಚಬೇಕು. ಮೂಳೆ ತಾಗಿದ ಅಳತೆ ಲೆಕ್ಕಕ್ಕಿಲ್ಲ. ಎದೆ 160, ತೊಡೆ 175 ಬಂದಾಗ ಹೊರಗೆ ತೆಗೆದು, 20–30 ನಿಮಿಷ ಬಿಟ್ಟು, ಎದೆಯೂ 165 ಮುಟ್ಟಿತೇ ಅಂತ ಇನ್ನೊಮ್ಮೆ ನೋಡಿ. ಮುಟ್ಟದಿದ್ದರೆ ವಾಪಸ್ ಓವನ್‌ಗೆ. ಬಿಟ್ಟಿರೋವಾಗ ಫಾಯಿಲ್ ಬಿಗಿಯಾಗಿ ಸುತ್ತಬೇಡಿ, ಹಬೆಗೆ ಚರ್ಮ ಮೆತ್ತಗಾಗುತ್ತೆ.

ಎಳ್ಳುಚಿಗಳಿ:
ಎರಡು ಪ್ರಶ್ನೆ. ತೊಡೆ 175 ತೋರಿಸಿದರೂ ಮೂಳೆ ಪಕ್ಕ ಗುಲಾಬಿ ಬಣ್ಣ ಇದ್ದರೆ? ಅಂಗಡಿಯಲ್ಲಿ ದ್ರಾವಣ ಇಲ್ಲದ್ದು ಸಿಗದೇ ಹೋದರೆ?

ಸೈಂಧವ:
ಎರಡು-ಮೂರು ಕಡೆ ಚುಚ್ಚಿ ಅಷ್ಟೇ ಬಂದರೆ ತಿನ್ನಬಹುದು. ಎಳೆ ಹಕ್ಕಿಯ ಮೂಳೆಯಿಂದ ಬಣ್ಣ ಇಳಿದಿರುತ್ತೆ, ಹಸಿ ಅಂತಲ್ಲ. ದ್ರಾವಣ ಇರೋದೇ ಸಿಕ್ಕಿದರೆ ನೀವು ಉಪ್ಪು ಹಾಕಲೇಬೇಡಿ, ಮೇಲಿನ ಮಸಾಲೆ ಸಾಕು. ಆದರೆ ಫ್ರಿಜ್‌ನಲ್ಲಿ ಒಂದು ರಾತ್ರಿ ಮುಚ್ಚದೆ ಇಡೋದು ಬಿಡಬೇಡಿ. ಗ್ರೇವಿಗೆ ಟ್ರೇಯ ರಸ ಸುರಿಯೋ ಮುಂಚೆ ನೆಕ್ಕಿ ನೋಡಿ, ಉಪ್ಪಾಗಿದ್ದರೆ ಉಪ್ಪಿಲ್ಲದ ಸಾರಿನ ನೀರಲ್ಲಿ ತೆಳ್ಳಗೆ ಮಾಡಿ.

ಕಾಳುಮೆಣಸು:
ನಾಲ್ಕೈದು ಜನಕ್ಕೆ ಅಂದರೆ ಇಡೀ ಹಕ್ಕಿ ಯಾಕೆ ಅಂತ ನನ್ನ ತಕರಾರು. ಮೂಳೆ ಸಮೇತ ಎದೆ ಒಂದು, ತೊಡೆ ಎರಡು ಬೇರೆ ತಂದರೆ ಒಂದೊಂದನ್ನೂ ಅದರದರ ಹದಕ್ಕೆ ತೆಗೀಬಹುದು.

ಮಿಕ್ಕಿದ್ದನ್ನು ಊಟ ಮುಗಿಯೋ ತನಕ ಟೇಬಲ್ ಮೇಲೇ ಬಿಡಬೇಡಿ. 2 ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ಆಳವಿಲ್ಲದ ಡಬ್ಬಿಗಳಲ್ಲಿ ಫ್ರಿಜ್‌ಗೆ. 3–4 ದಿನ ಇರುತ್ತೆ. ಬೆನ್ನುಮೂಳೆ, ಕತ್ತು, ಮಿಕ್ಕ ಮೂಳೆಗಳನ್ನು ಉಪ್ಪಿಲ್ಲದೆ ಕುಕ್ಕರ್‌ನಲ್ಲಿ 45 ನಿಮಿಷ ಇಟ್ಟು ಸೋಸಿ, ತಣ್ಣಗಾದ ಮೇಲೆ ಗಟ್ಟಿಯಾದ ಕೊಬ್ಬನ್ನು ಚಮಚದಲ್ಲಿ ಎತ್ತಿ ಹಾಕಿ. ಆ ನೀರಿಗೆ ಮೆಣಸು-ಜೀರಿಗೆ ಕುಟ್ಟಿ ಹಾಕಿ ಸಾರು ಮಾಡಿದರೆ ಎದೆ ಮಾಂಸವನ್ನು ಕೊನೆಗೆ ಹಾಕಿ, ಒಂದು ಕುದಿ ಬಂದು ಬಿಸಿಯಾಗುತ್ತಲೇ ಇಳಿಸಿ.