ಮೂವತ್ತರ ವಯಸ್ಸಿನ ಜಪಾನಿ ಸಹೋದ್ಯೋಗಿಗಳ ಜೊತೆ ಕರೋಕೆ: ಯಾವ ಹಳೆಯ ಹಾಡುಗಳನ್ನು ಕಲಿಯಬೇಕು?

ಉಣಕಲ್‌ದಂಡೆ (ಹುಬ್ಬಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಗೆ ಹೊಸ ಯಂತ್ರಗಳನ್ನು ಜೋಡಿಸಿಕೊಡಲು ಜಪಾನಿನಿಂದ ನಾಲ್ವರು ಎಂಜಿನಿಯರುಗಳು ಬಂದಿದ್ದು, ಮಳೆಗಾಲ ಮುಗಿಯುವವರೆಗೂ ಹುಬ್ಬಳ್ಳಿಯಲ್ಲೇ ಇರುತ್ತಾರೆ. ನಾಲ್ವರೂ ಮೂವತ್ತು ದಾಟಿದವರು, ನಲವತ್ತು ಮುಟ್ಟದವರು. ಕೆಲಸ ಮುಗಿದ ಮೇಲೆ ಗೆಳೆಯರೆಲ್ಲ ಸೇರಿ ಒಂದು ಕೋಣೆ ಹಿಡಿದು ಹಾಡುವುದು ಅವರ ಊರಿನ ರೂಢಿಯಂತೆ. ಇಲ್ಲಿ ಅದೊಂದು ಇಲ್ಲವಲ್ಲ ಎಂಬ ಕೊರಗು ಅವರ ಮಾತಿನಲ್ಲಿ ಆಗಾಗ ಕೇಳಿಬರುತ್ತದೆ. ಆದ್ದರಿಂದ ಒಂದು ಶನಿವಾರ ಸಂಜೆ ನವನಗರದ ನಮ್ಮ ಮನೆಗೆ ಅವರನ್ನು ಕರೆದು, ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ, ಎರಡು ಮೈಕು ಇಟ್ಟು, ಮನಸಾರೆ ಹಾಡಿಸಬೇಕೆಂದಿದ್ದೇನೆ. ಆತಿಥೇಯರಾದ ನಾವು ಬರೀ ಚಪ್ಪಾಳೆ ತಟ್ಟುತ್ತ ಕುಳಿತರೆ ಚೆನ್ನಾಗಿರುವುದಿಲ್ಲ. ನನಗೆ ಗೊತ್ತಿರುವುದು ನರುಟೊ ಕಾರ್ಟೂನಿನ ಶೀರ್ಷಿಕೆ ಗೀತೆಗಳು ಮಾತ್ರ. ಅವರು ಶಾಲೆಯಲ್ಲಿದ್ದಾಗ ಕೇಳಿ ಬೆಳೆದ ಪಾಪ್ ಮತ್ತು ರಾಕ್ ಹಾಡುಗಳು ಯಾವುವು? ಜಪಾನಿ ಲಿಪಿ ಓದಲು ಬಾರದ ನನ್ನಂಥವರು ಅವುಗಳಲ್ಲಿ ಯಾವುದನ್ನು ಕಲಿಯಬಹುದು? ದಯವಿಟ್ಟು ತಿಳಿಸಿ.

ಸಾಧನಕೇರಿಯಿಂದ_ನಗೋಯಾಕ್ಕೆ:

ನಿಮ್ಮ ಯೋಚನೆ ಬಹಳ ಒಳ್ಳೆಯದು. ಪರದೇಶದಲ್ಲಿರುವವನಿಗೆ ತನ್ನ ಶಾಲೆಯ ದಿನಗಳ ಹಾಡು ಕೇಳಿಸಿದಾಗ ಎಷ್ಟು ಹಿತವಾಗುತ್ತದೆ ಎಂಬುದನ್ನು ಜಪಾನಿನಲ್ಲಿ ನೆಲೆಸಿರುವ ನಾನು ಚೆನ್ನಾಗಿ ಬಲ್ಲೆ.

ಮೊದಲು ವಯಸ್ಸಿನ ಲೆಕ್ಕ ಹಾಕಿಕೊಳ್ಳಿ. ಈಗ ಮೂವತ್ತರಿಂದ ನಲವತ್ತರ ಒಳಗಿನವರು ಮಾಧ್ಯಮಿಕ ಶಾಲೆ ಮತ್ತು ಹೈಸ್ಕೂಲಿನಲ್ಲಿದ್ದದ್ದು ಹೆಚ್ಚುಕಡಿಮೆ 1998ರಿಂದ 2013ರವರೆಗೆ. ಅಂತರಜಾಲದಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ‘ಸಿಟಿ ಪಾಪ್’ ಎಂಬ ಜಪಾನಿ ಪಾಪ್ ಶೈಲಿ 1980ರ ಆಸುಪಾಸಿನದು, ಅಂದರೆ ಅವರ ತಂದೆತಾಯಿಗಳ ಕಾಲದ್ದು. ಅದನ್ನು ಹಾಡಿದರೆ ಮೆಚ್ಚಿಕೊಳ್ಳುತ್ತಾರೆ, ಆದರೆ ಜೊತೆಗೂಡಿ ಹಾಡಲಾರರು. ನಿಮಗೆ ಬೇಕಾದದ್ದು ಜೊತೆಗೂಡಿ ಹಾಡುವ ಹಾಡು.

ಜಪಾನಿನಲ್ಲಿ ಶಾಲಾ ವರ್ಷ ಮಾರ್ಚ್ ತಿಂಗಳಲ್ಲಿ ಮುಗಿಯುತ್ತದೆ. ಬೀಳ್ಕೊಡುಗೆಯ ದಿನ ಮಕ್ಕಳೆಲ್ಲ ನಿಂತು ಒಂದೇ ದನಿಯಲ್ಲಿ ಹಾಡುತ್ತಾರೆ. ಅಲ್ಲಿ ಹಾಡಿದ್ದು ಜೀವಮಾನವಿಡೀ ಬಾಯಿಪಾಠವಾಗಿ ಉಳಿಯುತ್ತದೆ. ರೆಮಿಯೊರೊಮೆನ್ ಎಂಬ ಮೂವರ ರಾಕ್ ತಂಡದ ‘ಸಾನ್‌ಗತ್ಸು ಕೊಕೊನೊಕ’ (2004) ಅಂಥದ್ದು. ಮಾರ್ಚ್ 9 ಎಂಬುದು ಅದರ ಹೆಸರು. ಗೆಳೆಯನ ಮದುವೆಗೆಂದು ಬರೆದ ಆ ಹಾಡು, 2005ರ ಒಂದು ಜನಪ್ರಿಯ ಟಿವಿ ಧಾರಾವಾಹಿಯಲ್ಲಿ ಬಂದ ಮೇಲೆ, ಶಾಲೆ ಬಿಡುವವರ ಹಾಡಾಗಿಯೇ ಬೇರೂರಿತು. ಆಂಜೆಲಾ ಅಕಿ ಅವರ ‘ತೆಗಮಿ’ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ನಡೆಸುವ ಸ್ಪರ್ಧೆಗಳಲ್ಲೊಂದಾದ 2008ರ ಶಾಲಾ ಸಮೂಹಗಾನ ಸ್ಪರ್ಧೆಯಲ್ಲಿ ಮಾಧ್ಯಮಿಕ ಶಾಲೆಗಳಿಗೆ ಕಡ್ಡಾಯವಾಗಿದ್ದ ಹಾಡು. ನಿಮ್ಮ ನಾಲ್ವರಲ್ಲಿ ಮೂವತ್ತರ ಹತ್ತಿರದವರಿದ್ದರೆ ಅದರ ಮೊದಲ ಸಾಲಿಗೇ ಅವರು ದನಿಗೂಡಿಸುವ ಸಂಭವ ಹೆಚ್ಚು. ಹದಿನೈದರ ವಯಸ್ಸಿನ ತನಗೇ ಬರೆದುಕೊಂಡ ಪತ್ರದ ರೂಪದಲ್ಲಿರುವ ಆ ಹಾಡನ್ನು, ದುಡಿಮೆಯ ನಡುವಯಸ್ಸಿಗೆ ಬರುತ್ತಿರುವವರು ಹಾಡುವಾಗ ಕೇಳುವುದೇ ಒಂದು ಭಾಗ್ಯ.

ಎಲ್ಲರೂ ಸೇರಿ ಹಾಡಲು ಸ್ಮ್ಯಾಪ್ ತಂಡದ ‘ಸೆಕಾಯ್ ನಿ ಹಿತೊತ್ಸು ದಕೆ ನೊ ಹನ’ ಕೂಡ ಇರಲಿ. ಮಕಿಹರ ನೊರಿಯುಕಿ ಬರೆದು ಸ್ವರ ಹಾಕಿದ ಆ ಹಾಡು 2003ರಲ್ಲಿ ಮನೆಮನೆ ತಲುಪಿತ್ತು. ತಾರಸ್ಥಾಯಿಗೆ ಏರಿ ದಣಿಸುವ ಜಾಗಗಳಿಲ್ಲದ ಕಾರಣ ಹೊಸಬರಿಗೂ ದಕ್ಕುತ್ತದೆ. ತಂಡ 2016ರ ಕೊನೆಗೆ ಒಡೆದುಹೋದದ್ದರಿಂದ ಈಗ ಅದಕ್ಕೊಂದು ಅಗಲಿಕೆಯ ಭಾವವೂ ಸೇರಿಕೊಂಡಿದೆ. ಗ್ರೀನ್ ಎಂಬ ನಾಲ್ವರು ದಂತವೈದ್ಯರ ತಂಡದ ‘ಕಿಸೆಕಿ’ (2008) ದನಿಗಳನ್ನು ಹಂಚಿಕೊಂಡು ಹಾಡಲು ಹೇಳಿ ಮಾಡಿಸಿದಂತಿದೆ.

ರಾಕ್ ಬೇಕೆಂದರೆ, ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದ ಮೊಂಗೊಲ್ 800 ತಂಡದ ‘ಚೀಸನ ಕೊಯ್ ನೊ ಉತ’ (2001) ಮತ್ತು ಬಂಪ್ ಆಫ್ ಚಿಕನ್ ತಂಡದ ‘ತೆನ್ತಯ್ ಕನ್ಸೊಕು’ (2001). ಎರಡೂ ಬಿರುಸಿನವು, ಅವನ್ನು ಅವರಿಗೇ ಬಿಡಿ. ಉತಾದ ಹಿಕರು ಅವರ ‘ಫಸ್ಟ್ ಲವ್’ (1999) ಕೇಳಲು ಮೆದುವಾಗಿದ್ದರೂ ಹಾಡಲು ಬಹಳ ಕಷ್ಟ. ನೀವು ಒಬ್ಬರೇ ಹಾಡಲು ಸ್ಪಿಟ್ಸ್ ತಂಡದ ‘ಚೆರಿ’ (1996) ಕಲಿಯಿರಿ. ಗಾಯಕ ಕುಸನೊ ಮಸಮುನೆ ಅವರ ದನಿ ಎತ್ತರದ್ದಾದ ಕಾರಣ, ಗಂಡಸರಾದರೆ ಶ್ರುತಿಯನ್ನು ಎರಡು ಮೂರು ಮನೆ ಇಳಿಸಿದ ಟ್ರ್ಯಾಕ್ ಹುಡುಕಿಕೊಳ್ಳುವುದು ಲೇಸು.

ಗದಗಿನ_ಶ್ರೋತೃ:

ಮೇಲಿನವರ ಪಟ್ಟಿಗೆ ಸಂಗೀತದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ಭಾಗದಲ್ಲಿ ಹಿಂದುಸ್ತಾನಿ ಕೇಳಿ ಬೆಳೆದವರಿಗೆ ಜಪಾನಿನ ಸ್ವರಗಳು ಅಪರಿಚಿತವಲ್ಲ. ಅಲ್ಲಿನ ಅನೇಕ ಹಳೆಯ ಹಾಡುಗಳು ಮಧ್ಯಮ, ನಿಷಾದಗಳನ್ನು ಬಿಟ್ಟು ನಡೆಯುತ್ತವೆ, ಅಂದರೆ ನಮ್ಮ ಭೂಪ ರಾಗದ ಸ್ವರಗಳೇ. ಸಕಮೊತೊ ಕ್ಯೂ ಅವರ ‘ಉಎ ಒ ಮುಯ್ತೆ ಅರುಕೋ’ (1961) ಬಹುಪಾಲು ಆ ದಾರಿಯಲ್ಲೇ ಸಾಗುತ್ತದೆ. 1963ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿದ ಹಾಡದು. ದಿ ಬೂಮ್ ತಂಡದ ‘ಶಿಮ ಉತ’ 1990ರ ದಶಕದ ಆರಂಭದ್ದು. ಅದರ ಮೊದಲ ಭಾಗ ಒಕಿನಾವಾ ಪದ್ಧತಿಯದಾಗಿದ್ದು, ರಿಷಭ, ಧೈವತಗಳನ್ನು ಬಿಟ್ಟು ಸ, ಗ, ಮ, ಪ, ನಿ ಇಟ್ಟುಕೊಳ್ಳುತ್ತದೆ. ತಿಲಂಗ ರಾಗದ ಆರೋಹ ಬಲ್ಲವರು ಹಾರ್ಮೋನಿಯಂ ಮೇಲೆ ಬೇಗನೆ ಹಿಡಿಯಬಹುದು.

ಉಚ್ಚಾರಣೆಯ ಬಗ್ಗೆ ನೀವು ಅಂಜಬೇಕಾಗಿಲ್ಲ. ರೋಮನ್ ಅಕ್ಷರಗಳನ್ನು ನೋಡಿ ಹಾಡಬೇಡಿ, ಕನ್ನಡದಲ್ಲೇ ಬರೆದುಕೊಳ್ಳಿ. ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘದ ಭೇದ ಆ ಭಾಷೆಯಲ್ಲೂ ಇದೆ, ಒತ್ತಕ್ಷರವೂ ಇದೆ. ನಮ್ಮ ಲಿಪಿಯಲ್ಲಿ ಎರಡಕ್ಕೂ ಗುರುತುಗಳಿವೆ. ಜಪಾನಿಯರು ಉಚ್ಚಾರದ ಕಾಲವನ್ನು ಎಣಿಸುವ ಕ್ರಮವೂ ನಮ್ಮ ಮಾತ್ರೆಯಂತೆಯೇ: ‘ನಿಪ್ಪೊನ್’ ಎಂಬಲ್ಲಿ ನಮಗೆ ಎರಡು ಗುರು, ನಾಲ್ಕು ಮಾತ್ರೆ, ಅವರಿಗೂ ನಾಲ್ಕೇ. ಕುಮಾರವ್ಯಾಸನ ಷಟ್ಪದಿಗೆ ಪ್ರಸ್ತಾರ ಹಾಕಿ ಅಭ್ಯಾಸವಿರುವವರು ಸಾಲುಗಳ ಮೇಲೆ ಲಘು ಗುರು ಗುರುತಿಸಿಕೊಂಡರೆ ತಾಳ ತಪ್ಪುವುದಿಲ್ಲ.

ಸಾಧನಕೇರಿಯಿಂದ_ನಗೋಯಾಕ್ಕೆ:

ಮಾತ್ರೆಯ ವಿಚಾರ ಬಹಳ ಉಪಯುಕ್ತ, ಧನ್ಯವಾದಗಳು ಸರ್. ಆದರೆ 1961ರ ಹಾಡನ್ನು ಈ ಸಂಜೆಗೆ ಆರಿಸಿಕೊಳ್ಳುವುದು ಸರಿ ಎನಿಸುವುದಿಲ್ಲ. ಅದು ಇವರಿಗೆಲ್ಲ ಗೊತ್ತು, ಗೌರವವೂ ಇದೆ. ಆದರೆ ವಿದೇಶಿಯರು ಜಪಾನಿಯರ ಮುಂದೆ ಹಾಡುವ ಹಾಡೆಂದರೆ ಅದೇ ಎಂಬಂತಾಗಿದೆ. ‘ಶಿಮ ಉತ’ದ ಬಗ್ಗೆ ನನ್ನ ಪೂರ್ಣ ಸಮ್ಮತಿಯಿದೆ.

ಹಾವೇರಿ_ಏಲಕ್ಕಿ:

ನರುಟೊ ಹಾಡುಗಳನ್ನು ಕೈಬಿಡಬೇಡಿ ಎಂಬುದು ನನ್ನ ವಿನಂತಿ. ಆ ಧಾರಾವಾಹಿ ಅಲ್ಲಿ 2002ರಲ್ಲಿ ಆರಂಭವಾದದ್ದು, ನಿಮ್ಮ ಅತಿಥಿಗಳೂ ಅದನ್ನು ನೋಡಿಯೇ ಬೆಳೆದಿರುತ್ತಾರೆ. ಏಷ್ಯನ್ ಕುಂಗ್‌ಫು ಜನರೇಶನ್ ತಂಡದ ‘ಹರುಕ ಕನತ’ ಮತ್ತು ಇಕಿಮೊನೊ ಗಕರಿ ತಂಡದ ‘ಬ್ಲೂ ಬರ್ಡ್’ (2008) ಕಾರ್ಟೂನಿನ ಹಾಡುಗಳಾಗಿದ್ದರೂ ಆ ಕಾಲದ ಒಳ್ಳೆಯ ತಂಡಗಳು ಮಾಡಿದ ಒಳ್ಳೆಯ ಹಾಡುಗಳು. ನಿಮಗೆ ಈಗಾಗಲೇ ರಾಗ ಗೊತ್ತಿರುವುದರಿಂದ ಪದಗಳನ್ನಷ್ಟೇ ತಿದ್ದಿಕೊಂಡರೆ ಸಾಕು. ಇನ್ನೊಂದು, ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ, ರಾತ್ರಿ ಹತ್ತರೊಳಗೆ ಸ್ಪೀಕರ್ ನಿಲ್ಲಿಸಿ.

ಉಣಕಲ್‌ದಂಡೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲು ‘ಬ್ಲೂ ಬರ್ಡ್’ ಹಾಡಿ ಸಂಕೋಚ ಬಿಡಿಸಿ, ನಡುವೆ ‘ಚೆರಿ’ ಹಾಡಿ, ಕೊನೆಗೆ ‘ಸಾನ್‌ಗತ್ಸು ಕೊಕೊನೊಕ’ವನ್ನು ಎಲ್ಲರೂ ಸೇರಿ ಹಾಡುವುದೆಂದು ನಿರ್ಧರಿಸಿದ್ದೇನೆ. ಉಳಿದ ಹೊತ್ತೆಲ್ಲ ಅತಿಥಿಗಳದ್ದು. ಕನ್ನಡ ಲಿಪಿಯಲ್ಲಿ ಸಾಲುಗಳನ್ನು ಬರೆಯಲು ನಿನ್ನೆ ರಾತ್ರಿಯಿಂದಲೇ ತೊಡಗಿದ್ದೇನೆ. ‘ಚೆರಿ’ಯಲ್ಲಿ ಒಂದು ಸಂದೇಹ: ‘ನ್’ ಮಾತ್ರ ಉಳಿಯುವ ಕಡೆ ಅದನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ ಮುಗಿಸಬೇಕೋ, ಪ್ರತ್ಯೇಕ ಸ್ವರದಲ್ಲಿ ನಿಲ್ಲಿಸಬೇಕೋ?

ಗದಗಿನ_ಶ್ರೋತೃ:

ಎರಡೂ ಉಂಟು. ಧಾಟಿ ನಿಧಾನವಿದ್ದು ಅದಕ್ಕೆಂದೇ ಒಂದು ಸ್ವರ ಇಟ್ಟಿದ್ದರೆ, ಬಾಯಿ ಮುಚ್ಚಿ ಮೂಗಿನಲ್ಲೇ ಅದನ್ನು ಹಿಡಿಯಬೇಕು. ಚುರುಕಾದ ಸಾಲಿನಲ್ಲಿ ಹಿಂದಿನ ಅಕ್ಷರದ ಜೊತೆಗೇ ಸೇರಿಹೋಗುತ್ತದೆ. ಮೂಲ ಗಾಯಕನನ್ನು ಒಂದು ಸಾಲಿನಷ್ಟು ಕೇಳಿ, ಅಲ್ಲಿಗೇ ನಿಲ್ಲಿಸಿ, ಕೈಯಲ್ಲಿ ತಾಳ ಹಾಕುತ್ತ ಹೇಳಿಕೊಳ್ಳಿ, ಸ್ಪಷ್ಟವಾಗುತ್ತದೆ.