ಇಲಿಮರಿಗೆ ವಾಸಿಯಾದ ಔಷಧಿ ನಮ್ಮ ಮಗುವಿಗೂ ಆಗುತ್ತಾ?

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ): ಮೇಡಂ, ನಮಸ್ತೆ. ನನ್ನ ಮಗಳು 30 ವಾರಕ್ಕೇ ಹುಟ್ಟಿದಳು. ಈಗ ಐದು ತಿಂಗಳು. ಹುಟ್ಟಿದಾಗ ಉಸಿರಾಟಕ್ಕೆ ತುಂಬಾ ಕಷ್ಟವಾಗಿತ್ತು. ಮೆದುಳಿನ ಬಿಳಿ ಭಾಗಕ್ಕೆ ಸ್ವಲ್ಪ ಪೆಟ್ಟಾಗಿದೆ ಅಂತ ಸ್ಕ್ಯಾನ್ ನೋಡಿ ಹೇಳಿದ್ದಾರೆ. ನನ್ನ ಮೈದುನ ಒಂದು ಸುದ್ದಿ ಕಳಿಸಿದ್ದಾನೆ. ಆಕ್ಸಿಜನ್ ಸಾಲದೆ ಮೆದುಳು ಕೆಟ್ಟಿದ್ದ ಇಲಿಮರಿಗಳು ಒಂದು ಔಷಧಿಯಿಂದ ಸರಿಹೋದವಂತೆ. ಅದನ್ನು ನಮ್ಮ ಮಗುವಿಗೂ ಕೊಡಿಸಬಹುದಾ?

ಉತ್ತರ (ನವಜಾತ ಶಿಶುಗಳ ವೈದ್ಯೆ): ಅಮ್ಮಾ, ಮೊದಲು ಒಂದು ಮಾತು. ಆ ಔಷಧಿಯನ್ನು ಎಲ್ಲಿಂದಲೋ ತರಿಸಿ ಕೊಡಬೇಡಿ. ಯಾಕೆ ಅಂತ ಹೇಳಬೇಕಾದರೆ ಆ ಇಲಿಮರಿಯ ಕಥೆಯನ್ನೇ ಹೇಳಬೇಕು.

ಇಂಥ ಸುದ್ದಿಗಳಲ್ಲಿ ಹೆಚ್ಚಿನವು 1981ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಒಂದೇ ವಿಧಾನದಿಂದ ಬರುತ್ತವೆ. ಅದಕ್ಕೆ ರೈಸ್–ವನ್ನುಚ್ಚಿ ವಿಧಾನ ಅಂತ ಹೆಸರು. ಏಳು ದಿನದ ಇಲಿಮರಿಗೆ ಅರಿವಳಿಕೆ ಕೊಟ್ಟು, ಕತ್ತಿನಲ್ಲಿ ಮೆದುಳಿಗೆ ಹೋಗುವ ಎರಡು ದೊಡ್ಡ ರಕ್ತನಾಳಗಳಲ್ಲಿ ಒಂದನ್ನು ಕಟ್ಟುತ್ತಾರೆ. ಸ್ವಲ್ಪ ಹೊತ್ತು ತಾಯಿಯ ಹತ್ತಿರ ಬಿಡುತ್ತಾರೆ. ಆಮೇಲೆ ಬೆಚ್ಚಗಿನ ಜಾಡಿಯಲ್ಲಿಟ್ಟು 8% ಆಕ್ಸಿಜನ್ ಇರುವ ಗಾಳಿ ಹಾಯಿಸುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ 21% ಇರುತ್ತದೆ. ನಾಳ ಕಟ್ಟಿದ್ದೊಂದರಿಂದಲೇ ಮೆದುಳು ಕೆಡುವುದಿಲ್ಲ. ಆಕ್ಸಿಜನ್ ಕಡಿಮೆಯಾದದ್ದೊಂದರಿಂದಲೂ ಕೆಡುವುದಿಲ್ಲ. ಎರಡೂ ಸೇರಿದಾಗ ಮಾತ್ರ, ನಾಳ ಕಟ್ಟಿದ ಬದಿ ಕೆಡುತ್ತದೆ. ಇನ್ನೊಂದು ಬದಿ ಹೋಲಿಸಿ ನೋಡಲು ಉಳಿಯುತ್ತದೆ.

ಓದುವ ದಿನಗಳಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಮರಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಒಂದು ಬೆಟ್ಟದ ನೆಲ್ಲಿಕಾಯಿಯಷ್ಟು ತೂಕ, ಅಷ್ಟೇ. ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಒಂದು ಕಿಲೋ ಮಗುವನ್ನು ಎತ್ತಿಕೊಂಡಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಈಗ ನಿಮ್ಮ ಮಗಳ ವಿಷಯ. ಏಳು ದಿನದ ಇಲಿಮರಿಯ ಮೆದುಳು ಸುಮಾರು 32ರಿಂದ 34 ವಾರದ ಮಗುವಿನಷ್ಟು ಬೆಳೆದಿರುತ್ತದೆ ಅಂತ ಲೆಕ್ಕ. ಆದರೆ ಮನುಷ್ಯನ ಮೆದುಳಿನಲ್ಲಿ ಹೆಚ್ಚುಕಮ್ಮಿ ಅರ್ಧ ಬಿಳಿ ಭಾಗ. ಇಲಿಯಲ್ಲಿ ಅದು ತೀರಾ ಕಡಿಮೆ. ನಮ್ಮ ಮೆದುಳಿನ ಸುರುಳಿ, ಮಡಿಕೆಗಳೂ ಅದಕ್ಕಿಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಾಗಿ ಪೆಟ್ಟು ಬೀಳುವುದೇ ಬಿಳಿ ಭಾಗಕ್ಕೆ. ಅಲ್ಲಿ ನರದ ಎಳೆಗಳಿಗೆ ಹೊದಿಕೆ ಹಾಕುವ ಕೋಶಗಳು ಆ ವಾರಗಳಲ್ಲಿ ಇನ್ನೂ ಎಳೆಯವು. ಪೆಟ್ಟು ಬಿದ್ದರೆ ಒಂದಷ್ಟು ಸಾಯುತ್ತವೆ. ಅವುಗಳ ಜಾಗಕ್ಕೆ ಹೊಸವು ಬಂದರೂ ಬಲಿಯದೆ ಹಾಗೇ ನಿಂತುಬಿಡುತ್ತವೆ. ಮಗುವಿಗೆ ಪೆಟ್ಟು ಬೀಳುವ ರೀತಿಯೂ ಬೇರೆ. ಎರಡೂ ಬದಿಗೆ, ದಿನಗಟ್ಟಲೆ, ಸ್ವಲ್ಪಸ್ವಲ್ಪವಾಗಿ, ಎಷ್ಟೋ ಸಲ ಸೋಂಕಿನ ಜೊತೆಗೆ. ಜಾಡಿಯೊಳಗಿನ ಎರಡು ಮೂರು ಗಂಟೆಗಳಲ್ಲಿ ಇದೆಲ್ಲ ಬರುವುದಿಲ್ಲ, ಅಲ್ವಾ?

ಒಂದು ಉದಾಹರಣೆ ಹೇಳುತ್ತೇನೆ. ಎರಿತ್ರೋಪೊಯೆಟಿನ್ ಎಂಬ ಇಂಜೆಕ್ಷನ್ ಇದೆ. ಇಲಿ ಮತ್ತಿತರ ಪ್ರಾಣಿಗಳಲ್ಲಿ ಅದು ಮೆದುಳನ್ನು ಚೆನ್ನಾಗಿ ಕಾಪಾಡಿತ್ತು. ಆಮೇಲೆ ಅಮೆರಿಕದಲ್ಲಿ 28 ವಾರ ತುಂಬುವ ಮೊದಲೇ ಹುಟ್ಟಿದ 941 ಶಿಶುಗಳಲ್ಲಿ ಪರೀಕ್ಷೆ ಮಾಡಿದರು. 2020ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಹೊತ್ತಿಗೆ ಸಾವಿನಲ್ಲಾಗಲಿ ತೀವ್ರ ಬೆಳವಣಿಗೆ ತೊಂದರೆಯಲ್ಲಾಗಲಿ ವ್ಯತ್ಯಾಸವೇ ಇರಲಿಲ್ಲ. ನಮಗೆಲ್ಲ ತುಂಬಾ ಬೇಜಾರಾದ ಫಲಿತಾಂಶ ಅದು. ಇಲಿಯಲ್ಲಿ ಗೆದ್ದದ್ದು ಶಿಶುಗಳ ಪರೀಕ್ಷೆಯನ್ನೂ ದಾಟುವವರೆಗೆ ಅದನ್ನು ಔಷಧಿ ಅಂತ ನಂಬಿ ಕೊಡಲು ಆಗುವುದಿಲ್ಲ.

ಪ್ರಶ್ನೆ (ಒಬ್ಬ ಕಾಲೇಜು ಉಪನ್ಯಾಸಕರು): ಹಾಗಿದ್ದರೆ ಇಲಿ ಬಿಟ್ಟು ಬೇರೆ ಪ್ರಾಣಿ ಬಳಸಬಹುದಲ್ಲ ಡಾಕ್ಟ್ರೇ?

ಉತ್ತರ: ಬಳಸುತ್ತಾರೆ ಸರ್. ಮೊಲ ಒಂದು. ಗಬ್ಬದ ಮೊಲದ ಗರ್ಭಕ್ಕೆ ಸ್ವಲ್ಪ ಹೊತ್ತು ರಕ್ತ ನಿಲ್ಲಿಸಿದರೆ, ಕೆಲವು ಮರಿಗಳು ಕೈಕಾಲು ಸೆಟೆದುಕೊಂಡು ಹುಟ್ಟುತ್ತವೆ. ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗೆ ಪೆಟ್ಟಾಗಿ ಕೈಕಾಲುಗಳ ಚಲನೆಗೆ ಬರುವ ತೊಂದರೆ) ಇರುವ ಮಕ್ಕಳಲ್ಲಿ ನಾವು ನೋಡುವ ಬಿಗಿತದ ಹಾಗೇ. ಇಲಿಯಲ್ಲಿ ಇಷ್ಟು ಸ್ಪಷ್ಟವಾಗಿ ಅದು ಕಾಣುವುದಿಲ್ಲ.

ಆದರೆ ನಮಗೆ ಅತಿ ಹೆಚ್ಚು ಕಲಿಸಿದ್ದು ಕುರಿ. ಕುರಿ ಈಯಲು ಸುಮಾರು 147 ದಿನ ಬೇಕು. ಹೊಟ್ಟೆಯೊಳಗಿನ ಸುಮಾರು 100 ದಿನದ ಮರಿಯ ಮೆದುಳು 28–30 ವಾರದ ನಮ್ಮ ಮಗುವಿನ ಮೆದುಳಿಗೆ ಹತ್ತಿರ. ಅದರಲ್ಲಿ ಬಿಳಿ ಭಾಗವೂ ಇದೆ, ಮಡಿಕೆಯೂ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮೊದಲು ಆಪರೇಷನ್ ಮಾಡಿ ಆ ಮರಿಯ ಹೊಕ್ಕುಳಬಳ್ಳಿಯ ಸುತ್ತ ಗಾಳಿ ತುಂಬುವ ಪಟ್ಟಿ ಕೂರಿಸುತ್ತಾರೆ. ಕುರಿ ಚೇತರಿಸಿಕೊಂಡು ಮೇವು ತಿನ್ನುತ್ತಾ ನಿಂತಿರುತ್ತದೆ. ಆಗ ಪಟ್ಟಿಗೆ ಗಾಳಿ ತುಂಬಿ ಸುಮಾರು 25 ನಿಮಿಷ ಬಳ್ಳಿಯನ್ನು ಅದುಮಿಡುತ್ತಾರೆ. ದಿನ ತುಂಬುತ್ತಾ ಬಂದ ಮರಿ ಅಷ್ಟು ಹೊತ್ತು ತಡೆದುಕೊಳ್ಳುವುದಿಲ್ಲ. ಎಳೆಯ ಮರಿ ತಡೆದುಕೊಳ್ಳುತ್ತದೆ. ಅದರ ಹೃದಯದಲ್ಲಿ ಗ್ಲೈಕೋಜನ್ (ಶಕ್ತಿಗೆಂದು ಕೂಡಿಟ್ಟ ಸಕ್ಕರೆ) ದಾಸ್ತಾನು ಜಾಸ್ತಿ. ಆದರೆ ಅಷ್ಟು ಹೊತ್ತು ತಡೆದ ಮರಿಯ ಮೆದುಳೇ ಪೆಟ್ಟು ತಿಂದಿರುತ್ತದೆ.

ಪ್ರಶ್ನೆ (ಒಬ್ಬ ತಂದೆ, ಹುಬ್ಬಳ್ಳಿ): ನಮ್ಮ ಅಣ್ಣನ ಮಗು ದಿನ ತುಂಬಿಯೇ ಹುಟ್ಟಿತ್ತು. ಹುಟ್ಟಿದಾಗ ಅಳಲಿಲ್ಲ ಅಂತ ಮೂರು ದಿನ ಮೈ ತಣ್ಣಗೆ ಮಾಡಿ ಇಟ್ಟಿದ್ದರು. ನಮ್ಮ ಮಗು 31 ವಾರದ್ದು. ಅದಕ್ಕೆ ಯಾಕೆ ಹಾಗೆ ಮಾಡಲಿಲ್ಲ?

ಉತ್ತರ: ಇದೂ ಕುರಿ ಕಲಿಸಿದ ಪಾಠವೇ. ಆಕ್ಸಿಜನ್ ವಾಪಸ್ ಬಂದ ಮೇಲೆ ಕೋಶಗಳು ಸುಧಾರಿಸಿಕೊಂಡ ಹಾಗೆ ಕಾಣುತ್ತವೆ. ಕೆಲವು ಗಂಟೆ ಬಿಟ್ಟು ಮತ್ತೆ ಕುಸಿಯುತ್ತವೆ, ಫಿಟ್ಸ್ ಶುರುವಾಗುತ್ತದೆ. ಆ ನಡುವಿನ ಹೊತ್ತೇ ನಮಗೆ ಸಿಗುವ ಅವಕಾಶ. ದಿನ ತುಂಬುತ್ತಾ ಬಂದ ಮರಿಗಳ ತಲೆಯನ್ನು ಪೆಟ್ಟು ಬಿದ್ದು ಐದೂವರೆ ಗಂಟೆಯಾದ ಮೇಲೆ ತಂಪು ಮಾಡಲು ಶುರುಮಾಡಿದಾಗ ಮೆದುಳು ಸ್ವಲ್ಪವಾದರೂ ಉಳಿಯಿತು. ಎಂಟೂವರೆ ಗಂಟೆಯಾದ ಮೇಲೆ ಶುರುಮಾಡಿದಾಗ ಉಳಿಯಲಿಲ್ಲ. ಇಂದು ನಾವು ಪಾಲಿಸುವ ‘ಹುಟ್ಟಿದ ಆರು ಗಂಟೆಯೊಳಗೆ ಶುರುಮಾಡಿ, 72 ಗಂಟೆ ಮುಂದುವರಿಸಿ’ ಅನ್ನುವ ನಿಯಮ ಇಂಥ ಪ್ರಯೋಗಗಳಿಂದ ಬಂದದ್ದು. 2005ರಲ್ಲಿ ಮಕ್ಕಳಲ್ಲಿ ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು.

ಆದರೆ ಆ ನಿಯಮ ದಿನ ತುಂಬಿದ ಅಥವಾ ತುಂಬುತ್ತಾ ಬಂದ ಮಕ್ಕಳಿಗೆ. 31 ವಾರದ ಮಗುವಿಗೆ ಚಳಿಯೇ ಶತ್ರು. ಅದರ ಮೈಮೇಲೆ ಕೊಬ್ಬಿಲ್ಲ, ಮೆದುಳಿನಲ್ಲಿ ರಕ್ತಸ್ರಾವದ ಭಯ ಬೇರೆ. ನಿಮ್ಮ ವೈದ್ಯರು ತಂಪು ಮಾಡದೇ ಇದ್ದದ್ದು ಸರಿಯೇ.

ಇನ್ನೊಂದು ವಿಷಯ ನಮ್ಮ ಕಡೆಯವರು ತಿಳಿದಿರಬೇಕು. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದ ಹೀಲಿಕ್ಸ್ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ದಿನ ತುಂಬಿದ ಮಕ್ಕಳಲ್ಲೇ ತಂಪು ಮಾಡಿದ್ದರಿಂದ ಲಾಭ ಕಾಣಲಿಲ್ಲ, ಸಾವು ಹೆಚ್ಚಿತು. ಇಲಿಮರಿಗಳಿಗೆ ಮೊದಲೇ ಬ್ಯಾಕ್ಟೀರಿಯಾದ ಒಂದು ಬಗೆಯ ವಿಷ ಕೊಟ್ಟು ಆಮೇಲೆ ಆಕ್ಸಿಜನ್ ಕಡಿಮೆ ಮಾಡಿದಾಗ ತಂಪು ಕೆಲಸ ಮಾಡದೇ ಇದ್ದದ್ದನ್ನು ಅದಕ್ಕೂ ಮುಂಚೆಯೇ ನೋಡಿದ್ದರು. ಆ ಇಲಿಗಳ ಮಾತನ್ನು ನಾವು ಇನ್ನೂ ಗಮನವಿಟ್ಟು ಕೇಳಬೇಕಿತ್ತು ಅಂತ ನನ್ನ ಅನಿಸಿಕೆ.

ಪ್ರಶ್ನೆ (ನಮ್ಮ ಪೋಷಕರ ಗುಂಪಿನ ಸದಸ್ಯೆ): ಗಬ್ಬದ ಕುರಿಗೆ ಹೀಗೆಲ್ಲ ಮಾಡೋದು ಪಾಪ ಅಲ್ವಾ ಮೇಡಂ?

ಉತ್ತರ: ನನಗೂ ಹಾಗೆ ಅನಿಸುತ್ತದೆ, ಅನಿಸಲೂಬೇಕು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಇಂಥ ಪ್ರಯೋಗಕ್ಕೆ ಮೊದಲು ಸಮಿತಿಯ ಒಪ್ಪಿಗೆ ಬೇಕು. ಪ್ರಾಣಿ ನಿಜಕ್ಕೂ ಬೇಕಾ, ಎಷ್ಟು ಬೇಕು, ನೋವು ಹೇಗೆ ತಪ್ಪಿಸುತ್ತೀರಿ ಅಂತ ಕೇಳುತ್ತಾರೆ. ಆದರೆ ಇಂಥ ಪ್ರಯೋಗಗಳಿಂದ ಸಿಕ್ಕಿದ್ದೂ ಇದೆ. ಇದೇ ಆಕ್ಲೆಂಡಿನಲ್ಲಿ ಲಿಗಿನ್ಸ್ ಎಂಬ ವೈದ್ಯರು ಹೆರಿಗೆ ಹೇಗೆ ಶುರುವಾಗುತ್ತದೆ ಅಂತ ತಿಳಿಯಲು ಹೊಟ್ಟೆಯೊಳಗಿನ ಕುರಿಮರಿಗಳಿಗೆ ಸ್ಟಿರಾಯ್ಡ್ ಕೊಟ್ಟಿದ್ದರು. ಬದುಕಲಾರದಷ್ಟು ಬೇಗ ಹುಟ್ಟಿದ ಒಂದು ಮರಿ ಉಸಿರಾಡುತ್ತಲೇ ಇತ್ತು. ಅದರ ಶ್ವಾಸಕೋಶ ಬೇಗ ಬಲಿತಿತ್ತು. 1972ರಲ್ಲಿ ತಾಯಂದಿರಲ್ಲಿ ಪರೀಕ್ಷೆ ಮಾಡಿದ ಫಲಿತಾಂಶ ಬಂತು. ದಿನ ತುಂಬುವ ಮೊದಲೇ ನೋವು ಬಂದರೆ ತಾಯಿಗೆ ಕೊಡುವ ಆ ಇಂಜೆಕ್ಷನ್ ಇಂದು ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ. ಈ ಗುಂಪಿನ ಎಷ್ಟೋ ಅಮ್ಮಂದಿರು ಅದನ್ನು ತೆಗೆದುಕೊಂಡಿರುತ್ತೀರಿ.

ಪ್ರಶ್ನೆ (ಮೊದಲಿನ ತಾಯಿ): ಅರ್ಥವಾಯ್ತು ಮೇಡಂ. ಔಷಧಿ ಬೇಡ. ಆದರೆ ಐದು ತಿಂಗಳಾದರೂ ಕತ್ತು ಪೂರ್ತಿ ನಿಂತಿಲ್ಲ. ಅತ್ತೆ ದಿನಾ ಕೇಳ್ತಾರೆ. ಏನು ಮಾಡಲಿ?

ಉತ್ತರ: ದಿನ ತುಂಬಲು 40 ವಾರ ಬೇಕು. ಅವಳು 30 ವಾರಕ್ಕೆ ಹುಟ್ಟಿದ್ದರಿಂದ ಐದು ತಿಂಗಳಲ್ಲಿ ಹತ್ತು ವಾರ ಕಳೆಯಿರಿ. ಅವಳಿಗೆ ಈಗ ಲೆಕ್ಕದ ವಯಸ್ಸು ಮೂರು ತಿಂಗಳೂ ಆಗಿಲ್ಲ. ಈ ವಯಸ್ಸಿಗೆ ಕತ್ತು ಪೂರ್ತಿ ನಿಲ್ಲಲೇಬೇಕು ಅಂತಿಲ್ಲ, ಅತ್ತೆಯವರಿಗೂ ಇದನ್ನೇ ಹೇಳಿ. ಆದರೂ ಸ್ಕ್ಯಾನ್‌ನಲ್ಲಿ ಪೆಟ್ಟು ಕಂಡಿರುವುದರಿಂದ ಸುಮ್ನೆ ಕಾಯುವುದು ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಎಲ್ಲಿದೆ ಅಂತ ಕೇಳಿ, ಈ ವಾರವೇ ತೋರಿಸಿ, ಫಿಸಿಯೊಥೆರಪಿ ಶುರುಮಾಡಿಸಿ. ಮುಷ್ಟಿ ಸದಾ ಬಿಗಿಯಾಗೇ ಇದ್ದರೆ, ಡೈಪರ್ ಬದಲಿಸುವಾಗ ತೊಡೆ ಅಗಲಿಸಲು ಆಗದಿದ್ದರೆ, ಒಂದೇ ಕೈ ಆಡಿಸುತ್ತಿದ್ದರೆ ಅಲ್ಲಿ ಮರೆಯದೆ ಹೇಳಿ. ಡಿಸ್ಚಾರ್ಜ್ ಪತ್ರ ಮತ್ತು ಸ್ಕ್ಯಾನ್ ಫಿಲಂ ಜೊತೆಗೇ ತೆಗೆದುಕೊಂಡು ಹೋಗಿ.