ಹಳೇ 207 ಪಿಕಪ್: ಕ್ಯಾಬಿನ್ ಪೂರ್ತಿ ಬದಲಿಸಲಾ, ಪ್ಯಾಚ್ ಹೊಡೆಸಿ ಓಡಿಸಲಾ?

ಬೆಲ್ಲದ_ಗಾಡಿ_ಮುಧೋಳ:

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಮುಧೋಳ ತಾಲೂಕಿನಲ್ಲಿ ಘಟಪ್ರಭಾ ದಂಡೆಯ ಊರು. ಮನೆಯಲ್ಲಿ 2006ರ ಟಾಟಾ 207 ಡಿಐ ಪಿಕಪ್ ಇದೆ, ಅಪ್ಪ ತಗೊಂಡಿದ್ದು. ಮಹಾಲಿಂಗಪುರ ಮಾರ್ಕೆಟಿಗೆ ಬೆಲ್ಲ ಒಯ್ಯುವುದು, ಬರುವಾಗ ಗೊಬ್ಬರದ ಚೀಲ ತರುವುದು, ನಡುವೆ ಯಾರದ್ದಾದರೂ ಮದುವೆ ಸಾಮಾನು, ಹೀಗೆ ಇಷ್ಟು ವರ್ಷ ಮನೆ ನಡೆಸಿದ ಗಾಡಿ ಅದು. ಎಂಜಿನ್ ಇವತ್ತಿಗೂ ಮುಂಜಾನೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು ಕೂರುತ್ತದೆ. ಗೇರ್ ಬಾಕ್ಸ್ ಚೆನ್ನಾಗಿದೆ, ಹಿಂದಿನ ಆಕ್ಸಲ್ ಹೌಸಿಂಗ್‌ನಲ್ಲೂ ಸದ್ದಿಲ್ಲ. ಕೆಟ್ಟಿರುವುದು ಕ್ಯಾಬಿನ್ ಒಂದೇ.

2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ಗಾಡಿ ಸೀಟಿನ ಮಟ್ಟಕ್ಕೆ ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಎಲ್ಲ ಆಯಿಲ್ ಬದಲಿಸಿ, ಹಬ್ ಗ್ರೀಸ್ ಮಾಡಿಸಿ, ಒಳಗೆ ತೊಳೆದು ಒಣಗಿಸಿ ಓಡಿಸಿದೆವು. ಈಗ ನೋಡಿದರೆ ಡ್ರೈವರ್ ಕಾಲ ಕೆಳಗಿನ ಪತ್ರಾದಲ್ಲಿ (ತಗಡಿನಲ್ಲಿ) ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಹೊರಗೆ ಹೋಗುತ್ತದೆ. ಬಾಗಿಲ ಕೆಳಗಿನ ಪಟ್ಟಿ ಎರಡೂ ಕಡೆ ಜಂಗು ತಿಂದು ಹೋಗಿದೆ. ಮುಂದಿನ ಗಾಜಿನ ರಬ್ಬರ್ ಕೆಳಗೆ ಬಣ್ಣ ಉಬ್ಬಿದೆ, ಮಳೆ ಬಂದರೆ ಫ್ಯೂಸ್ ಬಾಕ್ಸ್ ಪಕ್ಕದಿಂದ ನೀರು ಇಳಿಯುತ್ತದೆ. ಹಿಂದೆ ಒಮ್ಮೆ ಪ್ಯಾಚ್ ಹೊಡೆಸಿದ್ದೆವು, ಆ ಪ್ಯಾಚ್ ಸುತ್ತಲೇ ಮತ್ತೆ ತುಕ್ಕು ಎದ್ದಿದೆ.

ಜಮಖಂಡಿಯ ಒಬ್ಬ ಪತ್ರಾ ಕೆಲಸದವರು ಮತ್ತೆ ಪ್ಯಾಚ್ ಹಾಕಿ ಕೊಡುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಗುಜರಿಯಿಂದ ಒಂದು ಕ್ಯಾಬಿನ್ ತಂದು ಕೂರಿಸಿಬಿಡೋಣ ಅನ್ನುತ್ತಾರೆ. ಹಾಗೆ ಕೂರಿಸಿದರೆ ಆರ್‌ಟಿಓದಲ್ಲಿ ಪಾಸಿಂಗ್‌ಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ, ತೊಂದರೆ ಆಗುತ್ತದಾ? ಕ್ಯಾಬಿನ್ ಎತ್ತಿದಾಗ ಇನ್ನೇನು ಕೆಲಸ ಮುಗಿಸಿಕೊಳ್ಳಬೇಕು? ಹೊಸ ಗಾಡಿ ತಗೊಳ್ಳಿ ಅಂತ ಮಾತ್ರ ಹೇಳಬೇಡಿ, ಕಂತು ಕಟ್ಟುವ ಪರಿಸ್ಥಿತಿ ಇಲ್ಲ, ಈ ಗಾಡಿ ಬಿಡುವ ಮನಸ್ಸೂ ಇಲ್ಲ.

ಉದ್ಯಮಬಾಗ್_ಪತ್ರಾಕೆಲಸ:

ತಮ್ಮಾ, ನಾನು ಬೆಳಗಾವಿಯಲ್ಲಿ ಇದೇ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು. ಮೇಲಿನ ತುಕ್ಕು ನೋಡಿ ಪ್ಯಾಚಾ ಕ್ಯಾಬಿನ್ನಾ ಅಂತ ಯಾರೂ ಹೇಳಲಾರರು, ಹೇಳಿದರೆ ನಂಬಬೇಡಿ. ನೆಲದ ಪತ್ರಾ ಪೂರ್ತಿ ಹೋಗಿದ್ದರೂ ಹೊಸದು ಹಾಕಬಹುದು, ಅದು ದೊಡ್ಡ ವಿಷಯ ಅಲ್ಲ. ನೋಡಬೇಕಾದದ್ದು ಬೇರೆ. ಕ್ಯಾಬಿನ್ ಚಾಸಿಯ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿನ, ಮೇಲೆ ರಬ್ಬರ್ ಬುಷ್ ಮೂಲಕ ಬೋಲ್ಟ್‌ನಲ್ಲಿ ಕೂತಿರುತ್ತದೆ ಅಲ್ವಾ, ಆ ಬೋಲ್ಟ್ ಕೂರುವ ಜಾಗದ ಪತ್ರಾ ಗಟ್ಟಿ ಇದೆಯಾ ನೋಡಿ. ಆಮೇಲೆ ಬಾಗಿಲ ಹಿಂಜ್ ಕೂರುವ ಮುಂದಿನ ಕಂಬದ ಬುಡ. ಇವೆರಡೂ ಗಟ್ಟಿ ಇದ್ದರೆ ಹಳೇ ಕ್ಯಾಬಿನ್ ಉಳಿಸಿ. ಇವು ಹೋಗಿದ್ದರೆ ನೆಲಕ್ಕೆ ಎಷ್ಟು ಪ್ಯಾಚ್ ಹಾಕಿದರೂ ಸುಮ್ನೆ ದುಡ್ಡು ದಂಡ. ಎದುರಿನಿಂದ ಏನಾದರೂ ಬಡಿದರೆ ಒಳಗಿರುವವರನ್ನು ಕಾಯುವುದು ಆ ಕಂಬ, ಆ ಬೋಲ್ಟ್‌ಗಳು.

ನೋಡುವುದು ಹೀಗೆ. ಬಾಗಿಲು ಅರ್ಧ ತೆಗೆದು ತುದಿಯಲ್ಲಿ ಹಿಡಿದು ಮೇಲೆ ಕೆಳಗೆ ಎತ್ತಿ. ಹಿಂಜ್ ಪಿನ್ ಸವೆದಿದ್ದರೆ ಬಾಗಿಲು ಮಾತ್ರ ಆಡುತ್ತದೆ, ಕಂಬವೇ ಹೋಗಿದ್ದರೆ ಹಿಂಜ್ ಸಮೇತ ಪತ್ರಾ ಆಡುತ್ತದೆ, ಕಣ್ಣಿಗೇ ಕಾಣುತ್ತದೆ. ಆಮೇಲೆ ಸಣ್ಣ ಸುತ್ತಿಗೆಯಿಂದ ಕೆಳಗಿನ ಪಟ್ಟಿ, ಕಂಬದ ಬುಡ, ಹಿಂದಿನ ಗೋಡೆಯ ಕೆಳ ಅಂಚು ಎಲ್ಲ ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಪತ್ರಾ ಠಣ್ ಅನ್ನುತ್ತದೆ, ಒಳಗೆ ತಿಂದಿದ್ದು ಮಂಕಾಗಿ ಸದ್ದು ಕೊಡುತ್ತದೆ. ನಿಮ್ಮದು ಹೊಳೆಯಲ್ಲಿ ನಿಂತ ಗಾಡಿ ಅಂದಿರಿ. ಬಾಗಿಲ ಕೆಳಗಿನ ಪಟ್ಟಿ ಒಳಗೆ ಪೊಳ್ಳು, ಅದರೊಳಗೆ ಹೊಳೆಯ ರಾಡಿ ಹೊಕ್ಕು ಕೂತಿದ್ದರೆ ಹೊರಗೆ ಎಷ್ಟು ತೊಳೆದರೂ ಬರುವುದಿಲ್ಲ. ಆ ಮಣ್ಣು ವರ್ಷಗಟ್ಟಲೆ ಹಸಿ ಹಿಡಿದುಕೊಂಡು ಒಳಗಿನಿಂದ ತಿನ್ನುತ್ತದೆ. ನಿಮ್ಮ ಹಳೇ ಪ್ಯಾಚ್ ಸುತ್ತ ಮತ್ತೆ ತುಕ್ಕು ಎದ್ದಿದ್ದು ಇದಕ್ಕೇ ಇರಬೇಕು.

ಇನ್ನೊಂದು ಮಾತು. ಕ್ಯಾಬಿನ್‌ಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡುವ ಮೊದಲು ಚಾಸಿ ನೋಡಿ. ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಹ್ಯಾಂಗರ್ ಹತ್ತಿರ, ಡಾಲಾ (ಲೋಡ್ ಹೇರುವ ಪೆಟ್ಟಿಗೆ) ಕೂರುವ ಕಡೆ, ಕ್ಯಾಬಿನ್ ಹಿಂದೆ ಬೆಲ್ಲ-ಗೊಬ್ಬರದ ರಾಡಿ ಕೂರುವ ಕಡೆ ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ಪದರ ಪದರವಾಗಿ ಎದ್ದು ಬರುತ್ತಿದ್ದರೆ ಆ ಗಾಡಿಗೆ ಕ್ಯಾಬಿನ್ ಹಾಕುವುದು ಬೇಡ, ನೇರ ಹೇಳುತ್ತೇನೆ.

ಖಾನಾಪುರ_ಮಳೆ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಮ್ಮ ಕಡೆ ಮಳೆ ನಿಮ್ಮ ಮುಧೋಳಕ್ಕಿಂತ ಎಷ್ಟೋ ಪಟ್ಟು, ಕಣಕುಂಬಿ ಕಡೆ ಹೋದರಂತೂ ಮಳೆಗಾಲದಲ್ಲಿ ಗಾಡಿ ಒಣಗುವುದೇ ಇಲ್ಲ. ಆದರೂ ನಮ್ಮ ಹಳೇ ಪಿಕಪ್ ಪ್ಯಾಚ್ ಮೇಲೆಯೇ ಚೆನ್ನಾಗಿ ಓಡುತ್ತಿದೆ. ಪ್ಯಾಚ್ ಕೆಟ್ಟದ್ದಲ್ಲ, ಕೆಟ್ಟದಾಗಿ ಹಾಕುವುದು ಕೆಟ್ಟದ್ದು. ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ ತುಕ್ಕು ಹಿಡಿದ ಪತ್ರಾ ಹಾಗೇ ಬಿಟ್ಟು ಅದರ ಮೇಲೆ ಹೊಸ ತುಂಡು ಇಟ್ಟು ಗ್ಯಾಸ್ ವೆಲ್ಡಿಂಗ್ ಮಾಡಿ ಮೇಲೆ ಪುಟ್ಟಿ ಬಳಿದು ಬಿಡುತ್ತಾರೆ. ಎರಡು ಪತ್ರಾ ನಡುವೆ ನೀರು ಸಿಕ್ಕಿಕೊಂಡು ಮುಂದಿನ ಮಳೆಗೆ ಎರಡೂ ಹೋಗುತ್ತವೆ. ಹಾಗಲ್ಲ, ತುಕ್ಕು ಇರುವಷ್ಟನ್ನೂ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ನೆಲಕ್ಕೆ 18 ಗೇಜ್ ಪತ್ರಾ ಹಾಕಿ ಸಿಓಟು ವೆಲ್ಡಿಂಗ್ (ಕರೆಂಟಿನಿಂದ ತಂತಿ ಕರಗಿಸಿ ಬೆಸೆಯುವುದು) ಮಾಡಿಸಿ, ಗ್ಯಾಸ್‌ನ ಕಾವಿಗೆ ಸುತ್ತಲಿನ ತೆಳು ಪತ್ರಾ ಸೊಟ್ಟಗಾಗುತ್ತದೆ. ಕೀಲುಗಳಿಗೆ ಸೀಲರ್, ಅದರ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಕೆಳಗೆ ಕಪ್ಪು ಡಾಂಬರಿನಂಥ ಕೋಟಿಂಗ್ ಹೊಡೆಯುತ್ತಾರಲ್ಲ, ಅದನ್ನು ತುಕ್ಕಿನ ಮೇಲೆ ಹೊಡೆದರೆ ಹಸಿ ಒಳಗೇ ಉಳಿದು ತುಕ್ಕು ಮುಚ್ಚಿಕೊಂಡು ಬೆಳೆಯುತ್ತದೆ.

ಮುಖ್ಯ ಏನಂದರೆ ನೀರು ಎಲ್ಲಿಂದ ಬರುತ್ತಿದೆ ಅದನ್ನು ಮೊದಲು ನಿಲ್ಲಿಸಿ. ಫ್ಯೂಸ್ ಬಾಕ್ಸ್ ಹತ್ತಿರ ಇಳಿಯುತ್ತಿದೆ ಅಂದರೆ ಗಾಜಿನ ರಬ್ಬರ್ ಕೆಳಗಿನ ಚೌಕಟ್ಟು ತೂತಾಗಿರಬೇಕು. ಗಾಜು ತೆಗೆಸಿ ನೋಡದೆ ಮೇಲಿನಿಂದ ಸಿಲಿಕಾನ್ ಬಳಿಯುವುದು ಪ್ರಯೋಜನ ಇಲ್ಲ. ಬಾಗಿಲ ತಳದ ನೀರು ಹೋಗುವ ತೂತು ಮಣ್ಣಿನಿಂದ ಮುಚ್ಚಿದೆಯಾ ನೋಡಿ. ನೆಲಕ್ಕೆ ಹಾಸಿದ ರೆಕ್ಸಿನ್, ಅದರ ಕೆಳಗಿನ ಸ್ಪಂಜು ತೆಗೆದು ಬಿಸಾಕಿ. ಬೆಲ್ಲದ ಗಾಡಿಗೆ ಇದು ಇನ್ನೂ ಜಾಸ್ತಿ ಅನ್ವಯ. ಬೆಲ್ಲ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ಯೂರಿಯಾ ಕೂಡ ಹಾಗೇ, ಪೊಟ್ಯಾಷ್ ಗೊಬ್ಬರದಲ್ಲಂತೂ ಕ್ಲೋರೈಡ್ ಇರುತ್ತದೆ, ಉಪ್ಪು ಬಿದ್ದ ಹಾಗೆಯೇ ಕಬ್ಬಿಣಕ್ಕೆ. ಹಾಗಾಗಿ ಮಳೆ ಕಡಿಮೆ ಇದ್ದರೂ ನಿಮ್ಮ ಗಾಡಿ ತಿಂದು ಹೋಗಿದೆ.

ಇಂಡಿ_ನಿಂಬೆ_ಲೋಡ್:

ಕ್ಯಾಬಿನ್ ಬದಲಿಸುವುದಾದರೆ ಎಲ್ಲಿಂದ ತರುತ್ತೀರಿ ಅನ್ನುವುದು ಬಹಳ ಮುಖ್ಯ. ಕೊಲ್ಹಾಪುರ, ಸಾಂಗ್ಲಿ, ಹುಬ್ಬಳ್ಳಿ ಎಲ್ಲ ಕಡೆ ಗುಜರಿಯಲ್ಲಿ ಸಿಗಬಹುದು, ಆದರೆ ಗಾಡಿ ಎಲ್ಲಿ ಓಡಿದ್ದು ಅಂತ ಕೇಳಿ. ಗೋವಾ, ಕೊಂಕಣ ಕಡೆ ಓಡಿದ್ದು, ಚೋರ್ಲಾ ಘಾಟಿನಲ್ಲಿ ಮೀನು ಹೇರಿದ್ದು ಅಂದರೆ ಬಣ್ಣ ಎಷ್ಟೇ ಫಳಫಳ ಇರಲಿ, ಕೈ ಮುಗಿದು ಬನ್ನಿ. ಸಮುದ್ರದ ಗಾಳಿ, ಮೀನಿನ ಬುಟ್ಟಿಯ ಉಪ್ಪು ನೀರು ಕೀಲುಗಳ ಒಳಗೆ ಹೊಕ್ಕಿರುತ್ತದೆ. ನಮ್ಮ ವಿಜಯಪುರ, ಸೋಲಾಪುರ ಕಡೆ ಒಣ ಹವೆ, ಇಲ್ಲಿ ಓಡಿದ ಗಾಡಿಯ ಬಣ್ಣ ಬಿಸಿಲಿಗೆ ಸುಟ್ಟು ಹೋಗಿರುತ್ತದೆ ಆದರೆ ಪತ್ರಾ ಗಟ್ಟಿ ಇರುತ್ತದೆ. ಬಣ್ಣ ನಾವು ಹೊಡೆಸಬಹುದು ಅಲ್ವಾ. ಹಿಂದಿನಿಂದ ಅಪಘಾತ ಆದ ಅಥವಾ ಎಂಜಿನ್ ಹೋಗಿ ಮೂಲೆಗೆ ನಿಂತ ಗಾಡಿ ಸಿಕ್ಕರೆ ಒಳ್ಳೆಯದು. ಪಲ್ಟಿ ಆದ ಗಾಡಿಯ ಕ್ಯಾಬಿನ್ ಬೇಡವೇ ಬೇಡ, ಗಾಜಿನ ಚೌಕಟ್ಟಿನ ಎರಡು ಕರ್ಣಗಳನ್ನು ಟೇಪ್ ಹಿಡಿದು ಅಳೆಯಿರಿ, ವ್ಯತ್ಯಾಸ ಇದ್ದರೆ ಸೊಟ್ಟಗಾಗಿದೆ ಅಂತಲೇ ಅರ್ಥ. ಮಾಡೆಲ್ ಒಂದೇ ಇದ್ದರೂ ವರ್ಷ ಹತ್ತಿರದ್ದು ಹುಡುಕಿ, ಇಲ್ಲದಿದ್ದರೆ ವೈರಿಂಗ್, ಪೆಡಲ್, ಸ್ಟೀರಿಂಗ್ ಬ್ರಾಕೆಟ್ ಯಾವುದೋ ಒಂದು ಕೂರುವುದಿಲ್ಲ.

ಆರ್‌ಟಿಓ ವಿಷಯ. ಇಂಥ ಗಾಡಿಯಲ್ಲಿ ಚಾಸಿ ನಂಬರ್ ಒತ್ತಿರುವುದು ಚಾಸಿಯ ಮೇಲೆ, ಕ್ಯಾಬಿನ್ ಮೇಲೆ ಅಲ್ಲ. ಹಾಗಾಗಿ ಅದೇ ಮಾಡೆಲಿನ, ಅದೇ ನಮೂನೆಯ ಕ್ಯಾಬಿನ್ ಹಾಕಿದರೆ ಗಾಡಿಯ ಗುರುತು ಬದಲಾಗುವುದಿಲ್ಲ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಹೇಳುವುದು ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿ ತಿದ್ದಬೇಡಿ ಅಂತ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಮಾಡಿಕೊಟ್ಟ ರಚನೆ ಬದಲಿಸುವಂತಿಲ್ಲ ಅಂದಿದೆ. ಅದಕ್ಕೇ ಸಿಂಗಲ್ ಇದ್ದದ್ದಕ್ಕೆ ಡಬಲ್ ಕ್ಯಾಬಿನ್ ಸಿಕ್ಕಿತು ಅಂತ ಆಸೆ ಬೀಳಬೇಡಿ, ಸೀಟು, ಖಾಲಿ ತೂಕ ಎಲ್ಲ ಬದಲಾಗುತ್ತದೆ. ಬಣ್ಣವೂ ಆರ್‌ಸಿಯಲ್ಲಿ ಇದ್ದದ್ದೇ ಇರಲಿ. ಕೊಡುವ ಗಾಡಿಯ ಕ್ಯಾಬಿನ್ ಮೇಲೆ ಅದರ ನಂಬರ್ ಇರುವ ಪ್ಲೇಟ್ ಇರುತ್ತದೆ, ಅದನ್ನು ಹೊತ್ತುಕೊಂಡು ಪಾಸಿಂಗ್‌ಗೆ ಹೋದರೆ ಅನುಮಾನ ಬರದೇ ಇರುತ್ತದಾ? ಕೆಲಸ ಶುರು ಮಾಡುವ ಮೊದಲೇ ಬ್ರೇಕ್ ಇನ್ಸ್‌ಪೆಕ್ಟರನ್ನು, ಅಂದರೆ ಆರ್‌ಟಿಓದ ವಾಹನ ತಪಾಸಣೆ ಅಧಿಕಾರಿಯನ್ನು, ಕಂಡು ಹೀಗೆ ಮಾಡಿಸುತ್ತಿದ್ದೇನೆ ಅಂತ ಹೇಳಿ, ಪ್ಲೇಟ್ ಏನು ಮಾಡಬೇಕು ಅಂತ ಅವರನ್ನೇ ಕೇಳಿ. ಗುಜರಿಯವರಿಂದ ಬಿಲ್ ತಗೊಳ್ಳಿ, ಬಿಲ್ ಮೇಲೆ ಆ ಗಾಡಿಯ ನಂಬರ್ ಇರಲಿ, ಆರ್‌ಸಿ ರದ್ದಾದ ಕಾಗದದ ಜೆರಾಕ್ಸ್ ಸಿಕ್ಕರೆ ಇನ್ನೂ ಒಳ್ಳೆಯದು. ಕಳುವಿನ ಮಾಲು ಅಂತ ನಾಳೆ ಯಾರೂ ಕೈ ತೋರಿಸಬಾರದು. ಬಿಲ್ ಕೊಡಲ್ಲ ಅಂದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬಿಡಿ.

ಬೆಲ್ಲದ_ಗಾಡಿ_ಮುಧೋಳ:

ಎಲ್ಲರಿಗೂ ಬಹಳ ಉಪಕಾರ ಆಯಿತು ರೀ. ನಿನ್ನೆ ರವಿವಾರ ಕೂತು ಎಲ್ಲ ನೋಡಿದೆ. ಉದ್ಯಮಬಾಗ್ ಕಾಕಾ ಹೇಳಿದ ಹಾಗೆ ಬಾಗಿಲು ಎತ್ತಿದರೆ ಡ್ರೈವರ್ ಕಡೆ ಹಿಂಜ್ ಸಮೇತ ಪತ್ರಾ ಆಡುತ್ತದೆ. ಹಿಂದಿನ ಎರಡೂ ಬುಷ್ ಜಾಗದಲ್ಲಿ ಪತ್ರಾ ಹರಿದು ವಾಷರ್ ಒಳಗೆ ಇಳಿದಿದೆ. ಕೆಳಗಿನ ಪಟ್ಟಿಗೆ ತೂತು ಮಾಡಿ ತಂತಿ ಹಾಕಿದರೆ ಗಟ್ಟಿಯಾದ ಹೊಳೆ ಮಣ್ಣೇ ಬಂತು. ಚಾಸಿ ಮಾತ್ರ ಗಟ್ಟಿ ಇದೆ, ಮೇಲೆ ಕೆಂಪು ಹುಡಿ ಇದೆ ಅಷ್ಟೇ, ಬ್ರಷ್‌ಗೆ ಪದರ ಏಳಲಿಲ್ಲ. ಹಾಗಾಗಿ ಖಾನಾಪುರದ ಅಣ್ಣಾ, ನಿಮ್ಮ ಮಾತು ಸರಿ ಇದ್ದರೂ ನಮ್ಮ ಗಾಡಿಗೆ ಪ್ಯಾಚ್ ಸಾಲುವುದಿಲ್ಲ ಅನಿಸಿತು. ವಿಜಯಪುರ ಕಡೆಯ ಒಂದು ಕ್ಯಾಬಿನ್ ನೋಡಿ ಬರುತ್ತೇನೆ. ಕಾಕಾ, ಎತ್ತಿ ಕೂರಿಸುವುದರ ಬಗ್ಗೆ ಸ್ವಲ್ಪ ಹೇಳಿ, ಇಲ್ಲಿನ ಮಿಸ್ತ್ರಿ ಈ ಕೆಲಸ ಹಿಂದೆ ಮಾಡಿಲ್ಲ.

ಖಾನಾಪುರ_ಮಳೆ:

ಕಂಬವೇ ಆಡುತ್ತಿದ್ದರೆ ನಾನೂ ಕ್ಯಾಬಿನ್ ಅಂತಲೇ ಹೇಳುತ್ತೇನೆ. ಹೊಸದು ಕೂರಿಸುವ ಮೊದಲೇ ಅದರ ಪೊಳ್ಳು ಜಾಗಗಳಿಗೆಲ್ಲ ಒಳಗಿನಿಂದ ವ್ಯಾಕ್ಸ್ ಹೊಡೆಸಿ, ಆಮೇಲೆ ಕೈ ಹೋಗುವುದಿಲ್ಲ.

ಉದ್ಯಮಬಾಗ್_ಪತ್ರಾಕೆಲಸ:

ಸರಿ ತಮ್ಮಾ, ಹೇಳುತ್ತೇನೆ, ಮಿಸ್ತ್ರಿಗೂ ಓದಿಸಿ.

ಮೊದಲು ಬ್ಯಾಟರಿ ತಂತಿ ಬಿಡಿಸಿ. ಬಾನೆಟ್, ಮುಂದಿನ ಮಡ್‌ಗಾರ್ಡ್, ಗ್ರಿಲ್ ಬಿಚ್ಚಿದರೆ ಕೈ ಆಡಲು ಜಾಗ ಆಗುತ್ತದೆ. ಸ್ಟೀರಿಂಗ್ ಜಾಯಿಂಟ್ ಬಿಡಿಸುವ ಮೊದಲು ಶಾಫ್ಟ್ ಮೇಲೂ ಜಾಯಿಂಟ್ ಮೇಲೂ ಒಂದೇ ಗೆರೆಯಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ. ಆಕ್ಸಿಲರೇಟರ್, ಮೀಟರ್, ಹ್ಯಾಂಡ್ ಬ್ರೇಕ್ ಕೇಬಲ್‌ಗಳು, ಕ್ಲಚ್ ಲೈನ್, ಗೇರ್ ಲಿವರ್ ರಬ್ಬರ್, ಚಾಸಿಗೆ ಹೋಗುವ ಅರ್ಥ್ ಪಟ್ಟಿ, ಇವುಗಳಲ್ಲಿ ಯಾವುದಾದರೂ ಒಂದು ಮರೆತು ಎತ್ತಿದರೆ ಹರಿದು ಬರುತ್ತದೆ. ವೈರಿಂಗ್‌ನ ಒಂದೊಂದು ಸಾಕೆಟ್‌ಗೂ ಟೇಪ್ ಸುತ್ತಿ ಪೆನ್ನಿನಲ್ಲಿ ಬರೆಯಿರಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದು ಬರುತ್ತದೆ, ಪೈಪ್ ಬಿಚ್ಚಿದ ಕೂಡಲೇ ಬಾಯಿ ಮುಚ್ಚಿ.

ಎತ್ತುವಾಗ ಚೈನ್ ಪುಲ್ಲಿ ಬಳಸಿ, ಎರಡೂ ಬಾಗಿಲ ಬಾಯಿಯ ಮೂಲಕ ಗಟ್ಟಿ ತೊಲೆ ತೂರಿಸಿ ಅದಕ್ಕೆ ಬೆಲ್ಟ್ ಹಾಕಿ. ಮೇಲ್ಛಾವಣಿಗೆ ಕೊಕ್ಕೆ ಹಾಕಿ ಎತ್ತಬೇಡಿ. ತರುವ ಕ್ಯಾಬಿನ್‌ಗೆ ಬಾಗಿಲು ಬಿಚ್ಚುವ ಮುಂಚೆಯೇ ಬಾಗಿಲ ಬಾಯಿಗೆ ಅಡ್ಡ ಆಂಗಲ್ ಇಟ್ಟು ಟ್ಯಾಕ್ (ಚುಕ್ಕೆ ವೆಲ್ಡಿಂಗ್) ಹಾಕಿಸಿ. ವಿಜಯಪುರದಿಂದ ಮುಧೋಳದವರೆಗೆ ಇನ್ನೊಂದು ಗಾಡಿಯಲ್ಲಿ ಕುಲುಕಿಕೊಂಡು ಬರುವಾಗ ಅಳತೆ ತಪ್ಪಬಾರದು. ಎತ್ತಿದ ಕೆಳಗೆ ಯಾರೂ ಕೈ, ತಲೆ ಹಾಕಬಾರದು, ಇದನ್ನು ಮಾತ್ರ ಯಾರಿಗೂ ರಿಯಾಯಿತಿ ಕೊಡದೆ ಪಾಲಿಸಿ.

ಕ್ಯಾಬಿನ್ ಎದ್ದ ಮೇಲೆ ಚಾಸಿ ಪೂರ್ತಿ ತೆರೆದಿರುತ್ತದೆ, ಇಂಥ ಸಮಯ ಮತ್ತೆ ಸಿಗುವುದಿಲ್ಲ. ಉಜ್ಜಿ, ಪ್ರೈಮರ್ ಹಾಕಿ, ಬಣ್ಣ ಹೊಡೆಯಿರಿ, ಆದರೆ ಒತ್ತಿದ ಚಾಸಿ ನಂಬರ್ ಮೇಲೆ ದಪ್ಪಗೆ ಬಳಿಯಬೇಡಿ, ಅಲ್ಲಿ ಉಜ್ಜುವ ಮಷಿನ್ ಹಿಡಿಯಲೇ ಬೇಡಿ. ಪಾಸಿಂಗ್‌ನಲ್ಲಿ ಪೆನ್ಸಿಲ್ ಪ್ರಿಂಟ್ ತೆಗೆಯುವಾಗ ಅಂಕಿ ಸ್ಪಷ್ಟ ಬರಬೇಕು. ಬ್ರೇಕ್ ಪೈಪ್‌ಗಳು ತುಕ್ಕು ಹಿಡಿದಿದ್ದರೆ ಎಲ್ಲ ಹೊಸದು ಹಾಕಿ. ಎಂಜಿನ್ ಮೌಂಟಿಂಗ್, ಗೇರ್ ಬಾಕ್ಸ್ ಆಯಿಲ್ ಸೀಲ್ ಕೂಡ ಈಗಲೇ ನೋಡಿ.

ಕೂರಿಸುವಾಗ ಕ್ಯಾಬಿನ್ ಬುಷ್ ಎಲ್ಲ ಹೊಸದಿರಲಿ. ಬೋಲ್ಟ್ ಮೊದಲು ಕೈಯಲ್ಲಿ ಮಾತ್ರ ಬಿಗಿ ಮಾಡಿ, ಬಾಗಿಲು ಹಾಕಿ ಮುಚ್ಚಿ ತೆಗೆದು, ಸುತ್ತಲ ಸಂದು ಸಮ ಬರುವವರೆಗೆ ಸರಿಸಿ, ಸ್ಟೀರಿಂಗ್ ಎಲ್ಲೂ ತಾಗದೆ ತಿರುಗುತ್ತದಾ ನೋಡಿ, ಆಮೇಲೆ ಪೂರ್ತಿ ಬಿಗಿ. ವೆಲ್ಡಿಂಗ್ ಏನಾದರೂ ಉಳಿದಿದ್ದರೆ ಬ್ಯಾಟರಿ, ಆಲ್ಟರ್ನೇಟರ್ ತಂತಿ ಬಿಡಿಸಿಯೇ ಮಾಡಿಸಿ. ಬ್ರೇಕ್ ಏರ್ ತೆಗೆಯುವುದು ದೂರದ ಹಿಂದಿನ ಚಕ್ರದಿಂದ ಶುರು. ಖಾಲಿ ಗಾಡಿಯಲ್ಲಿ ಸ್ವಲ್ಪ ದಿನ ಓಡಿಸಿ ಕ್ಯಾಬಿನ್ ಬೋಲ್ಟ್ ಮತ್ತೊಮ್ಮೆ ಬಿಗಿ ನೋಡಿ, ಹೊಸ ರಬ್ಬರ್ ಕೂತ ಮೇಲೆ ಸಡಿಲ ಆಗುತ್ತದೆ. ಬಾಗಿಲ ಮೇಲಿನ ಹೆಸರು, ತೂಕದ ಬರಹ, ರಿಫ್ಲೆಕ್ಟರ್ ಪಟ್ಟಿ ಎಲ್ಲ ಮುಗಿಸಿಕೊಂಡೇ ಪಾಸಿಂಗ್‌ಗೆ ಒಯ್ಯಿರಿ. ವಿಜಯಪುರದ ಕ್ಯಾಬಿನ್ ನೋಡಲು ಹೋದಾಗ ಕಂಬದ ಬುಡ, ಬುಷ್ ಜಾಗದ ಫೋಟೋ ಇಲ್ಲಿ ಹಾಕಿ, ದುಡ್ಡು ಕೊಡುವ ಮೊದಲು ನಾನೂ ಒಮ್ಮೆ ನೋಡುತ್ತೇನೆ.